ಕಾಣೆಯಾದವರಿಗೆ ಎಡೆ ಇಡುವುದಿಲ್ಲ

ಹಿರಿಯರ ಹಬ್ಬಕ್ಕೆ ಇನ್ನು ನಾಲ್ಕು ದಿನ ಇರುವಾಗ ಅಮ್ಮ ಹಿತ್ತಲಲ್ಲಿ ಕುಳಿತು ದೀಪದ ಕಂಬಗಳನ್ನು ಉಜ್ಜುತ್ತಿದ್ದಳು. ನೆನೆಸಿದ ಹುಣಸೆಹಣ್ಣು, ಒಲೆಯ ಬೂದಿ, ಒದ್ದೆ ಹಿತ್ತಾಳೆ. ನಾನು ಕೆಲಸದಿಂದ ಬಂದು ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಂಜನಗೂಡಿನ ನಮ್ಮ ಹಿತ್ತಲು ಮರೆಯಾಗಿ ನರಸೀಪುರದ ಗೊಬ್ಬರದಂಗಡಿಯ ಮೇಲಿನ ಕೋಣೆ ಕಣ್ಣೆದುರು ಬಂತು. ಆ ಕೋಣೆಯ ಕಿಟಕಿಯ ಕೆಳಗೆ ಕಾಲು ನೀಡಿ ಕುಳಿತು, ಯಾರ ಯಾರ ಮನೆಯದೋ ಪದಕಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ ಒಬ್ಬ ಮುದುಕಿ ಬಂದರು. ಅವರ ಹಿಂದೆಯೇ ಕೋಪವೂ ಬಂತು. ಹಳೆಯ ಕೋಪಗಳು ಆರುತ್ತವೆ ಎನ್ನುತ್ತಾರೆ. ನನ್ನದು ಆರಿಲ್ಲ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಿಂದ ಎರಡನೇ ಮಹಾಯುದ್ಧಕ್ಕೆ ಹೋದವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ ಕಟ್ಟಿಕೊಂಡ ಸಂಘ ನಮ್ಮದು. ಹೋದವರಲ್ಲಿ ಕೆಲವರು ಬರ್ಮಾ ಕಂಡರು, ಕೆಲವರು ಮರುಭೂಮಿ ಕಂಡರು. ಬಹಳ ಮಂದಿ ವಾಪಸು ಬಂದರು, ಕೆಲವರು ಬರಲಿಲ್ಲ. ಅವರ ಹೆಸರು, ಊರು, ಫೋಟೊ, ಪದಕ, ಅಟ್ಟದ ಮೇಲೆ ಉಳಿದಿರುವ ತಗಡಿನ ಟ್ರಂಕು, ಹೀಗೆ ಸಿಕ್ಕಿದ್ದನ್ನೆಲ್ಲ ಕಾಪಾಡುವುದು ಸಂಘದ ಕೆಲಸ. ನನ್ನ ಮುತ್ತಾತ ಕವಲಂದೆಯಿಂದ ಹೋಗಿ ಪಡೆಗೆ ಅಡುಗೆ ಮಾಡಿ ಬಂದವರು. ಆ ನಂಟಿನಿಂದ ನಾನು ಸೇರಿದೆ. ಆಗ ನನಗೆ ಇಪ್ಪತ್ತಮೂರು. ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ; ಕಂಡದ್ದಕ್ಕೆಲ್ಲ ತಾರೀಖು ಹಾಕಿ ಬರೆದಿಡುವ ಚಟ ಮೊದಲಿನಿಂದಲೂ ಇತ್ತು. ಇದು ಗೊತ್ತಾಗಿ ಎರಡನೆಯ ಸಭೆಯಲ್ಲೇ ನನ್ನನ್ನು ಸಹಕಾರ್ಯದರ್ಶಿ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕೆಲಸ ಬೇರೆ ಯಾರಿಗೂ ಬೇಕಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಆ ಮುದುಕಿ ಸಂಘದ ಉಪಾಧ್ಯಕ್ಷೆ. ಆದರೆ ಹಾಗೆಂದು ಅವರನ್ನು ಕರೆದವರಿಲ್ಲ. ಎಲ್ಲರಿಗೂ ‘ಸಂಘದ ಅಜ್ಜಿ’. ಸಂಘದ ಆ ಕೋಣೆಯ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು. ಮುಡುಕುತೊರೆ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಕೋಣೆ ಗುಡಿಸಿ, ನೀರು ತುಂಬಿಟ್ಟು, ನಾವು ಬರುವ ಹೊತ್ತಿಗೆ ಪದಕ ಉಜ್ಜಲು ಕುಳಿತಿರುತ್ತಿದ್ದರು. ಹರೆಯದಲ್ಲಿ ರೇಷ್ಮೆ ಕಾರ್ಖಾನೆಯಲ್ಲಿ ಬಿಸಿನೀರಿನಿಂದ ನೂಲು ಎತ್ತಿದ ಬೆರಳುಗಳು. ತುದಿ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು. ಪದಕ ಉಜ್ಜಿದರೆ ಹಳೆಯ ಕಳೆ ಹೋಗುತ್ತದೆ, ಅದರ ಬೆಲೆಯೇ ಅದು ಎಂದು ಅಧ್ಯಕ್ಷರು ಒಂದೆರಡು ಸಲ ಹೇಳಿದ್ದುಂಟು.

“ಅಟ್ಟಿ ದೀಪವ ಉಜ್ಜಲ್ವ ಸಾ? ಕರ್ರಗೆ ಮಡಿಕಂಡ್ರೆ ದೇವ್ರು ಎಚ್ಗೆ ಬೆಲೆ ಬಾಳ್ತನಾ?” ಎಂದಿದ್ದರು ಅಜ್ಜಿ, ತಲೆಯೆತ್ತದೆ.

ಈ ಅಧ್ಯಕ್ಷರ ವಿಷಯ ಈಗಲೇ ಹೇಳಿಬಿಡುತ್ತೇನೆ. ಸುಬೇದಾರರೊಬ್ಬರ ಮೊಮ್ಮಗ, ಊರಿನಲ್ಲಿ ಒಂದು ಕಲ್ಯಾಣ ಮಂಟಪದ ಮಾಲೀಕ. ಎಂದೂ ದನಿ ಏರಿಸಿದವರಲ್ಲ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಅವರ ಮೇಲೆ ಕೋಪಿಸಿಕೊಂಡರೆ ಕೋಪಿಸಿಕೊಂಡವರೇ ಕೆಟ್ಟವರಾಗಿ ಕಾಣುವಂಥ ಸೌಜನ್ಯ. ಆ ಸೌಜನ್ಯ ಏನು ಮಾಡಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭಾನುವಾರಗಳಂದು ಅಜ್ಜಿ ಮತ್ತು ನಾನು ಹೆಸರು ಹುಡುಕಿಕೊಂಡು ಊರೂರು ತಿರುಗುತ್ತಿದ್ದೆವು. ನಾನು ಪ್ರಶ್ನೆಗಳನ್ನು ಸಿದ್ಧ ಮಾಡಿಕೊಂಡು ಹೋಗುತ್ತಿದ್ದೆ. ಯಾವ ಪಡೆ, ಯಾವ ಇಸವಿ, ಯಾವ ಹುದ್ದೆ? ಜಗಲಿಯ ಮೇಲಿನ ಗಂಡಸರು ಗಂಟಲು ಸರಿಮಾಡಿಕೊಂಡು, ಗೊತ್ತಿಲ್ಲದ್ದನ್ನೆಲ್ಲ ಗೊತ್ತಿರುವಂತೆ ಹೇಳುತ್ತಿದ್ದರು. ಒಬ್ಬರ ತಾತನಂತೂ ಜಪಾನಿನ ಚಕ್ರವರ್ತಿಯನ್ನು ಜುಟ್ಟು ಹಿಡಿದು ಎಳೆದು ತಂದಿದ್ದ. ಅಜ್ಜಿ ಜಗಲಿಯಲ್ಲಿ ಕೂರುತ್ತಲೇ ಇರಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ಆ ಮನೆಯ ಹೆಂಗಸರನ್ನು ಒಂದೇ ಮಾತು ಕೇಳುತ್ತಿದ್ದರು.

“ನಿಮ್ ತಾತನ ಎಡೆಗೆ ಏನೇನ್ ಮಡಗೀರಿ ತಾಯಿ?”

ನಮ್ಮ ಕಡೆ ಹಿರಿಯರ ಹಬ್ಬದಲ್ಲಿ, ತೀರಿಹೋದವರಿಗೆ ಅವರಿಗಿಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಅದು ಎಡೆ. ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಉಳಿದದ್ದನ್ನು ಮನೆಮಂದಿ ಉಣ್ಣುತ್ತಾರೆ. ಪಡೆಯ ಹೆಸರು ಮರೆತ ಮನೆಗಳೂ ಎಡೆಯನ್ನು ಮರೆತಿರಲಿಲ್ಲ. ಒಂದು ಮನೆಯಲ್ಲಿ ಬ್ರೆಡ್ಡು ಇಡುತ್ತಿದ್ದರು. ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದನಂತೆ, ಅಲ್ಲಿ ರುಚಿ ಹತ್ತಿತಂತೆ. ಇನ್ನೊಂದು ಮನೆಯಲ್ಲಿ ಹಾಲಿಲ್ಲದ ಟೀ. ತಲಕಾಡಿನ ಹತ್ತಿರದ ಒಂದು ಮನೆಯಲ್ಲಿ ಎಲೆಯ ಪಕ್ಕ ಹಿಡಿ ಹುರುಳಿ ಇಡುತ್ತಿದ್ದರು. ಅದು ತಾತನಿಗಲ್ಲ, ತಾತ ಬೆಟ್ಟದಲ್ಲಿ ಹೊಡೆದುಕೊಂಡು ಹೋಗುತ್ತಿದ್ದ ಹೇಸರಗತ್ತೆಗೆ. ಸೊಸೆಗೆ ಅತ್ತೆ ಹೇಳಿದ್ದು, ಅತ್ತೆಗೆ ಅವರತ್ತೆ ಹೇಳಿದ್ದು. ಅಲ್ಲಿಂದ ಎಳೆ ಹಿಡಿದು ಅಜ್ಜಿ ಇಡೀ ಮನುಷ್ಯನನ್ನು ಹೊರಗೆ ತರುತ್ತಿದ್ದರು. ನನ್ನ ಪ್ರಶ್ನೆಗಳ ಹಾಳೆ ಮಡಚಿದಂತೆಯೇ ಇರುತ್ತಿತ್ತು.

ಅಡುಗೆಯವರನ್ನೂ ಹೇಸರಗತ್ತೆ ಹೊಡೆದವರನ್ನೂ ಯೋಧರೆಂದು ಬರೆಯಬೇಕೇ ಎಂಬ ಮಾತು ಸಭೆಯಲ್ಲಿ ಬಂದಾಗ ಕೆಲವರು ಬೇಡವೆಂದರು. ಬಂದೂಕು ಹಿಡಿದವರು ಬೇರೆ, ಸೌಟು ಹಿಡಿದವರು ಬೇರೆಯಂತೆ. ನನಗೆ ಮುಖ ಬಿಸಿಯಾಯಿತು, ಬಾಯಿ ಬರಲಿಲ್ಲ. ಅಜ್ಜಿಗೆ ಬಂತು.

“ಮೂರೊತ್ತು ಇಟ್ಟಿಲ್ದೆ ಯಾವನ್ಲಾ ಬಂದೂಕ ಎತ್ತಿದ್ದು? ನೀ ಒಂದೊತ್ತು ಬುಟ್ಟು ನೋಡು, ಪೆನ್ನೂ ಎತ್ತಕಾಗಕಿಲ್ಲ.”

ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. ನನ್ನ ಮುತ್ತಾತನ ಹೆಸರು ಪಟ್ಟಿಗೆ ಸೇರಿದ್ದು ಹಾಗೆ.

ಅಜ್ಜಿಯ ಅಪ್ಪನ ವಿಷಯ ನಾನು ಕೇಳಿದ್ದು ತಲಕಾಡಿನಿಂದ ಮರಳುವ ಬಸ್ಸಿನಲ್ಲಿ. ಇಷ್ಟು ಮನೆಗಳ ಎಡೆ ಕೇಳಿದ್ದಾಯಿತು, ನಿಮ್ಮಪ್ಪನಿಗೆ ಏನು ಇಡುತ್ತೀರಿ ಅಜ್ಜಿ ಎಂದೆ. ಸುಮ್ಮನೆ ಕೇಳಿದ್ದು. ಅವರು ಕಿಟಕಿಯ ಕಡೆ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

“ನಾವು ಮಡಗಲ್ಲ ಕಣ ಕೂಸೆ. ಸತ್ತೋರ್ಗಲ್ವ ಎಡೆ?”

ಅಪ್ಪ ಬರ್ಮಾಕ್ಕೆ ಹೋದಾಗ ಅಜ್ಜಿ ಹೊಟ್ಟೆಯಲ್ಲಿದ್ದರು. ಹೋಗುವ ಮುಂಚೆ ಮೈಸೂರಿನಲ್ಲಿ ತೆಗೆಸಿಕೊಂಡ ಒಂದು ಫೋಟೊ. ಅಪ್ಪನನ್ನು ಅವರು ಕಂಡದ್ದು ಅಷ್ಟೇ. ಯುದ್ಧ ಮುಗಿಯುವ ಮುಂಚೆಯೇ ಒಂದು ಕಾಗದ ಬಂತಂತೆ. ಇಂಗ್ಲಿಷಿನಲ್ಲಿತ್ತು. ಶಾಲೆಯ ಮೇಷ್ಟ್ರು ಓದಿ, ‘ಕಾಣೆಯಾಗಿದ್ದಾನೆ’ ಎಂದು ಬರೆದಿದ್ದಾರೆ ಎಂದರು. ಅಷ್ಟೇ. ಆಮೇಲೆ ಇನ್ನೊಂದು ಕಾಗದ ಬರಲಿಲ್ಲ. ಬಂದು ಎಲ್ಲಾದರೂ ಕಳೆದುಹೋಯಿತೋ, ಬರೆಯುವವರಿಗೆ ಬೇಕಿರಲಿಲ್ಲವೋ... ಯಾರಿಗೂ ಗೊತ್ತಿಲ್ಲ. ಅಜ್ಜಿಯ ಅವ್ವ ಆ ಒಂದು ಮಾತನ್ನು ಹಿಡಿದುಕೊಂಡರು. ಕಾಣದೆ ಹೋದವರು ಸತ್ತವರಲ್ಲ. ಬಳೆ ತೆಗೆಯಲಿಲ್ಲ. ಕುಂಕುಮ ಅಳಿಸಲಿಲ್ಲ. ಊರು ಒಂದು ವರ್ಷ ಸುಮ್ಮನಿತ್ತು, ಎರಡು ವರ್ಷ ಸುಮ್ಮನಿತ್ತು. ಆಮೇಲೆ ಶುರುವಾಯಿತು. ನೀರು ಸೇದುವ ಕಡೆ, ಕಳೆ ಕೀಳುವ ಕಡೆ, ಯಾವ ಗಂಡನ ಎಸ್ರಿಗೆ ಮಡಿಕಂಡಿದ್ದೀಯೆ ಆ ಕುಂಕುಮವ ಎಂದು ಕೇಳುವರು. ಮದುವೆ ಮನೆಯಲ್ಲಿ ಮುತ್ತೈದೆಯರ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ. ವಿಧವೆಯರ ನಡುವೆ ಆಕೆಯೇ ಹೋಗಿ ಕೂರುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಆಕೆ ಪೂರ್ತಿ ಊಟ ಮಾಡಿದ್ದೇ ಇಲ್ಲ ಎಂದರು ಅಜ್ಜಿ.

ಆಕೆ ತೀರಿಕೊಂಡಾಗ ಅಜ್ಜಿಗೆ ಮೂವತ್ತು ದಾಟಿತ್ತು. ಹೆಣವನ್ನು ಹೊಸ್ತಿಲ ಹೊರಗೆ ಕೂರಿಸಿದ್ದಾರೆ, ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ತೀರ್ಮಾನ ಮಾಡುತ್ತಿದ್ದಾರೆ. ಮುತ್ತೈದೆಯ ಹೆಣವೋ, ಗಂಡ ಸತ್ತವಳ ಹೆಣವೋ? ಅರಿಸಿನ ಹಚ್ಚಬಹುದೋ, ಇಲ್ಲವೋ? ಯಾವ ಮುತ್ತೈದೆಯೂ ಮುಂದೆ ಬರಲಿಲ್ಲ. ಕೊನೆಗೆ ಅಜ್ಜಿ ತಾವೇ ಅರಿಸಿನ ಕಲಸಿ ಅವ್ವನ ಕೆನ್ನೆಗೆ, ಪಾದಕ್ಕೆ ಬಳಿದರು. ಹಸಿರು ಬಳೆ ತೊಡಿಸಿದರು. ಅದನ್ನು ನೋಡಿ ನೆರೆಮನೆಯ ಹೆಂಗಸೊಬ್ಬಳು ಗಂಡನ ಬೈಗುಳ ಲೆಕ್ಕಿಸದೆ ಮಡಿಲಕ್ಕಿ ತಂದು ಹಾಕಿದಳು.

“ಮುತ್ತೈದೆಯಾಗೇ ಓದ್ಲು ಕಣವ್ವ ನಮ್ಮವ್ವ. ಆವತ್ತು ಅವ್ವ ಮಗ್ಳು ಇಬ್ರೂ ಗೆದ್ದೊ.”

ಅಷ್ಟು ಹೇಳಿ ಅವರು ಸೆರಗಿನ ಗಂಟು ಬಿಚ್ಚಿ ಎಲೆ ಅಡಿಕೆ ಹಾಕಿಕೊಂಡರು. ಅವರ ಹಣೆ ಬರಿದಾಗಿತ್ತು. ತಮ್ಮ ಗಂಡ ಸತ್ತ ದಿನವೇ ಕುಂಕುಮ ಅಳಿಸಿಕೊಂಡವರು ಅವರು. ಕಣ್ಣೆದುರು ಸತ್ತದ್ದನ್ನು ಇಲ್ಲವೆಂದವರಲ್ಲ. ಮುತ್ತೈದೆ, ವಿಧವೆ ಎಂದು ಹೆಂಗಸರನ್ನು ವಿಂಗಡಿಸುವುದನ್ನು ಕಂಡರೆ ನನಗೆ ಮೈಯುರಿಯುತ್ತದೆ, ಇಂದಿಗೂ. ಹೆಣದ ಮುಂದೆ ಕುಳಿತು ಅರಿಸಿನದ ತೀರ್ಪು ಕೊಟ್ಟವರನ್ನು ನೆನೆದರೆ ಇನ್ನೂ ಉರಿಯುತ್ತದೆ. ಆದರೆ ಆ ಇಬ್ಬರು ಹೆಂಗಸರು ಅದೇ ವಿಂಗಡಣೆಯೊಳಗೆ ನಿಂತು, ಅದರದೇ ನಿಯಮ ಹಿಡಿದು, ಇಡೀ ಊರಿನೆದುರು ಒಂದು ಜಾಗ ಸಂಪಾದಿಸಿಕೊಂಡಿದ್ದರು. ಅದು ಅವರದು. ಅದನ್ನು ಮುಟ್ಟುವ ಹಕ್ಕು ನನಗಿರಲಿಲ್ಲ, ಸಂಘಕ್ಕಂತೂ ಇರಲೇ ಇಲ್ಲ.

ಸಂಘ ಅದನ್ನೇ ಮುಟ್ಟಿತು.

ಹೊಳೆಗೆ ಹೋಗುವ ದಾರಿಯ ಪಕ್ಕ ಸ್ಮಾರಕದ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾದದ್ದು ಜನವರಿಯ ಸಭೆಯಲ್ಲಿ. ಕರಿಕಲ್ಲು, ಅದರ ಮೇಲೆ ಎರಡು ತಲೆಬರಹ: ಯುದ್ಧದಲ್ಲಿ ಮಡಿದ ವೀರರು, ಯುದ್ಧದಿಂದ ಮರಳಿದ ವೀರರು. ಅಜ್ಜಿ ಎದ್ದು ನಿಂತು, ಇನ್ನೊಂದು ಬೇಕು ಎಂದರು. ಕಾಣೆಯಾದವರು. ನಮ್ಮ ಪಟ್ಟಿಯಲ್ಲಿ ಅಂಥವರು ಮೂವರಿದ್ದರು. ಉಳಿದಿಬ್ಬರ ಮನೆಯವರೂ ಸಭೆಯಲ್ಲಿದ್ದರು; ಯಾವ ತಲೆಬರಹವಾದರೂ ಸರಿ ಎಂದರು. ಅಜ್ಜಿ ಕೂರಲಿಲ್ಲ. ಮೂರನೆಯ ತಲೆಬರಹ ಬರೆಯುತ್ತೀರಿ ಎಂದು ಬಾಯಿಬಿಟ್ಟು ಹೇಳುವ ತನಕ ನಿಂತೇ ಇದ್ದರು. ಅಧ್ಯಕ್ಷರು ಮುಗುಳ್ನಕ್ಕು, “ಆಯ್ತು, ಬರ್ಕೊಳ್ಳಿಮ್ಮ” ಎಂದು ನನ್ನ ಕಡೆ ನೋಡಿದರು. ಬರೆದುಕೊಂಡೆ. ಓದಿ ಹೇಳಿದೆ. ಎಲ್ಲರೂ ಒಪ್ಪಿದರು. ಕೆತ್ತುವವರ ಜೊತೆ ಮಾತನಾಡುವ ಜವಾಬ್ದಾರಿಯನ್ನು ಅಧ್ಯಕ್ಷರು ತಾವೇ ವಹಿಸಿಕೊಂಡರು. ಕಲ್ಲು ಬಂದು ನಿಂತ ಮೇಲೂ, ಅನಾವರಣವಾಗುವ ತನಕ ಯಾರೂ ನೋಡಬಾರದೆಂದು ಬಟ್ಟೆ ಸುತ್ತಿಸಿಟ್ಟಿದ್ದರು.

ಆಗಸ್ಟ್ ಹದಿನೈದರ ಬೆಳಿಗ್ಗೆ ಕಾರ್ಯಕ್ರಮ. ಶಾಮಿಯಾನ, ಬ್ಯಾಂಡು, ಶಾಲಾ ಮಕ್ಕಳು. ಅಜ್ಜಿ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮುಖ್ಯ ಅತಿಥಿಗಳು ದಾರ ಎಳೆದರು. ಬಟ್ಟೆ ಜಾರಿತು. ನಾನು ವೇದಿಕೆಯ ಪಕ್ಕದಲ್ಲಿ ನಿಂತಿದ್ದೆ; ನನಗೆ ಮೊದಲು ಕಂಡದ್ದು ತಲೆಬರಹ. ಎರಡೇ ಇದ್ದವು. ‘ಮಡಿದ ವೀರರು’ ಎಂಬುದರ ಕೆಳಗೆ, ಎಲ್ಲರಿಗಿಂತ ಮೇಲೆ, ಅಜ್ಜಿಯ ಅಪ್ಪನ ಹೆಸರಿತ್ತು.

ಅಷ್ಟಕ್ಕೇ ನಿಂತಿದ್ದರೂ... ನಿಲ್ಲಲಿಲ್ಲ. ಸ್ಮರಣ ಸಂಚಿಕೆಗೆಂದು ಅಜ್ಜಿ ಕೊಟ್ಟಿದ್ದ ಆ ಒಂದೇ ಫೋಟೊವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮೇಜಿನ ಮೇಲಿಟ್ಟಿದ್ದರು. ಅದಕ್ಕೊಂದು ಗಂಧದ ಹಾರ. ಮುಂದೆ ಉರಿಯುವ ದೀಪ. ಹುತಾತ್ಮರ ಪುತ್ರಿಗೆ ಈಗ ಸನ್ಮಾನ ಎಂದು ನಿರೂಪಕರು ಕೂಗಿದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಕಲ್ಲಿನ ಮೇಲೆ ಏನಿದೆಯೆಂದು ಅವರಿಗೆ ಆ ಕ್ಷಣಕ್ಕೂ ಗೊತ್ತಿರಲಿಲ್ಲ. ಆದರೆ ಹಾರ ಹಾಕಿದ ಫೋಟೊ ಎಂದರೆ ಏನೆಂದು ತಿಳಿಯಲು ಓದಬೇಕಾಗಿಲ್ಲ.

ನಿಧಾನವಾಗಿ ಮೆಟ್ಟಿಲು ಹತ್ತಿದರು. ಅಧ್ಯಕ್ಷರು ಶಾಲು ಬಿಚ್ಚಿ ಹಿಡಿದಿದ್ದರು. ಅಜ್ಜಿ ಅವರನ್ನು ದಾಟಿ ಮೇಜಿನ ಹತ್ತಿರ ಹೋಗಿ, ದೀಪವನ್ನು ಪಕ್ಕಕ್ಕೆ ಸರಿಸಿ, ಫೋಟೊದ ಹಾರವನ್ನು ಎರಡೂ ಕೈಯಿಂದ ತೆಗೆದು, ತಂದು ಅಧ್ಯಕ್ಷರ ಕೈಗಿಟ್ಟರು.

“ನಮ್ಮಪ್ಪ ಬಂದ್ಮ್ಯಾಲೆ ನಾನೇ ಆಕ್ತೀನಿ ಸಾ. ಅಲ್ಲಿಗಂಟ ನೀವೇ ಮಡಿಕಳಿ.”

ಮೈಕು ಹತ್ತಿರದಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು. ಕೆಲವರು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು, ಹಿಂದೆಯೇ ಎಲ್ಲರೂ ತಟ್ಟಿದರು. ನಿರೂಪಕರು ಗದ್ಗದ ದನಿ ಮಾಡಿಕೊಂಡು, ಎಂಥ ಭಾವುಕ ಕ್ಷಣ ಎಂದರು. ಬ್ಯಾಂಡಿನವರು ಸನ್ನೆ ಸಿಕ್ಕಿತೆಂದು ಬಾರಿಸತೊಡಗಿದರು. ಅಜ್ಜಿ ಫೋಟೊವನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದುಬಂದರು.

ಶಾಮಿಯಾನದ ಹಿಂದೆ, ಮಕ್ಕಳು ಕೈ ತೊಳೆಯುವ ನಲ್ಲಿಯ ಹತ್ತಿರ ಅವರು ಸಿಕ್ಕಿದರು. ಕಲ್ಲಿನ ಮೇಲೆ ಏನು ಬರೆದಿದ್ದಾರೆಂದು ಕೇಳಿದರು. ಹೇಳಿದೆ. ಅವರು ನಲ್ಲಿಯ ಕಟ್ಟೆಯ ಮೇಲೆ ಕುಳಿತರು.

“ನಮ್ಮವ್ವ ಮಣ್ಣಾಗಿ ಇಷ್ಟೊರ್ಸ ಆದ್ಮ್ಯಾಲೆ ಮುಂಡೆ ಮಾಡ್ಬುಟ್ರಲ್ಲವ್ವ.”

  ಆ ರಾತ್ರಿ ಆ ಮಾತನ್ನು ತಾರೀಖು ಹಾಕಿ ನನ್ನ ಪುಸ್ತಕದಲ್ಲಿ ಬರೆದಿಟ್ಟೆ; ಆ ಪುಟದಲ್ಲಿ ಪೆನ್ನು ಒತ್ತಿ ಮೂರು ಹಾಳೆ ಕೆಳಗಿನವರೆಗೂ ಗುರುತು ಬಿದ್ದಿದೆ.

ಅಧ್ಯಕ್ಷರ ಹತ್ತಿರ ವಿವರಣೆ ಸಿದ್ಧವಾಗಿತ್ತು. ಮುಂದಿನ ಸಭೆಯಲ್ಲಿ ಸಮಾಧಾನವಾಗಿ ಕೊಟ್ಟರು. ಕಾಣೆಯಾದವರು ಎಂದು ಬೇರೆ ಬರೆದರೆ ಓಡಿಹೋದವರು ಎಂದು ಜನ ಆಡಿಕೊಳ್ಳುತ್ತಾರೆ. ಮುಂದಿನ ಪೀಳಿಗೆಗೆ ತಪ್ಪು ಸಂದೇಶ ಹೋಗುತ್ತದೆ. ಇಷ್ಟು ವರ್ಷವಾದ ಮೇಲೆ ಯಾರಾದರೂ ಬದುಕಿರಲು ಸಾಧ್ಯವೇ? “ನಿಮ್ಮ ತಂದೆಯವರಿಗೆ ಮೊದಲನೇ ಸ್ಥಾನದ ಗೌರವ ಕೊಟ್ಟಿದ್ದೀವಿ ಅಜ್ಜಿ” ಎಂದರು.

“ಗೌರವ ಕೊಡಕೆ ನಮ್ಮಪ್ಪನ ಸಾಯಿಸ್ಬೇಕಿತ್ತಾ ಸಾ?”

ಅಪ್ಪ ಬದುಕಿದ್ದಾರೆಂದು ಅಜ್ಜಿ ನಂಬಿದ್ದರೇ? ನೂರು ದಾಟಿದ ಮುದುಕ ಒಂದು ದಿನ ಬಾಗಿಲು ತಟ್ಟುತ್ತಾನೆಂದು ಕಾಯುತ್ತಿದ್ದರೇ? ಇಲ್ಲ. ಅವರು ಹೆಡ್ಡರಲ್ಲ. ಅವರಿಗೆ ಬೇಕಾಗಿದ್ದದ್ದು ಅಪ್ಪನ ಜೀವವಲ್ಲ, ಅವ್ವನ ಹಣೆ. ಗಂಡ ಸತ್ತನೆಂದು ಯಾರೂ ಆಕೆಗೆ ಹೇಳಲಿಲ್ಲ. ಆದ್ದರಿಂದ ಆಕೆ ಕೊನೆಯವರೆಗೂ ಸುಳ್ಳು ಬದುಕಲಿಲ್ಲ. ಇಷ್ಟು ಸರಳವಾದ ಮಾತು ಸಭೆಯಲ್ಲಿದ್ದ ಒಬ್ಬರಿಗೂ ತಲೆಗೆ ಹೋಗಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಹೋಗಿತ್ತು. ಕಲ್ಲಿನ ಅಂದ ಅದಕ್ಕಿಂತ ಮುಖ್ಯವೆನಿಸಿತ್ತು, ಅಷ್ಟೇ.

ತಿದ್ದಿಸಿ ಎಂದು ನಾನು ಮಾತೆತ್ತಿದೆ. ಕೆತ್ತುವವನನ್ನು ಕರೆಸಿದರು. ಅವನು ಕಲ್ಲಿನ ಮೇಲೆ ಕೈಯಾಡಿಸಿ, ಕೆತ್ತಿದ ಅಕ್ಷರವನ್ನು ತುಂಬಿದರೆ ತೇಪೆ ಎದ್ದು ಕಾಣುತ್ತದೆ, ಬೇಡವೆಂದರೆ ಇಡೀ ಮುಖವನ್ನೇ ಒಂದು ಪದರ ತೆಗೆದು ಎಲ್ಲರ ಹೆಸರನ್ನೂ ಮತ್ತೆ ಕೆತ್ತಬೇಕು ಎಂದ. ಒಬ್ಬರಿಗೋಸ್ಕರ ಎಲ್ಲರ ಹೆಸರನ್ನೂ ಅಳಿಸುವುದೇ ಎಂದು ಸಭೆ ಹೌಹಾರಿತು. ಅಲ್ಲಿಂದ ಮುಂದೆ ಪ್ರತಿ ತಿಂಗಳ ಸಭೆಯ ಕೊನೆಯಲ್ಲಿ ಅಜ್ಜಿ ಕೈಯೆತ್ತಿ ಒಂದೇ ಮಾತು ಕೇಳುತ್ತಿದ್ದರು: “ಕಲ್ಲು ಏನಾಯ್ತು ಸಾ?” ಮೊದಮೊದಲು ಅಧ್ಯಕ್ಷರು ಉತ್ತರ ಕೊಡುತ್ತಿದ್ದರು. ಆಮೇಲೆ ನೋಡೋಣ ಎನ್ನುತ್ತಿದ್ದರು. ಆಮೇಲೆ ಮುಗುಳ್ನಗುತ್ತಿದ್ದರು. ಹಿಂದಿನ ಸಾಲಿನ ಕೆಲವರು ಅಜ್ಜಿ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, “ಕಲ್ಲು ಏನಾಯ್ತ್ಲಾ?” ಎಂದು ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ತಮ್ಮ ತಾತಂದಿರ ಎಡೆಯ ಕಥೆಗಳನ್ನು ಅಜ್ಜಿಯಿಂದಲೇ ಪಡೆದುಕೊಂಡವರು ಇವರು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಸಂಘದಲ್ಲಲ್ಲ. ಮರುವರ್ಷದ ಹಿರಿಯರ ಹಬ್ಬದಲ್ಲಿ ಅಜ್ಜಿಯ ಮಗ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ತಮ್ಮ ಅಪ್ಪನ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿದರು. ಹೊಸ ಪಂಚೆ ತಂದಿಟ್ಟರು. ಕೆಟ್ಟ ಮನಸ್ಸಿನಿಂದಲ್ಲ. ಇಷ್ಟು ವರ್ಷ ತಾತನನ್ನು ಉಪವಾಸ ಕೆಡವಿದ್ದೇವೆ ಎಂಬ ಅಳುಕು ಅವರಿಗೆ ಮೊದಲಿನಿಂದಲೂ ಇತ್ತಂತೆ. ಕಲ್ಲಿನ ಮೇಲೆಯೇ ಬರೆದ ಮೇಲೆ ಇನ್ನೇನು ಎಂದುಕೊಂಡರು. ಅಜ್ಜಿ ಒಳಗೆ ಬರಲಿಲ್ಲ. ಜಗಲಿಯ ಮೇಲೆ ಮನೆಗೆ ಬೆನ್ನು ಹಾಕಿ ಕುಳಿತವರು ಸಂಜೆಯವರೆಗೂ ಏಳಲಿಲ್ಲ, ಉಣ್ಣಲಿಲ್ಲ. ಮಾರನೆಯ ಭಾನುವಾರ ಕೋಣೆಗೆ ಬಂದು, ಎಂದಿನಂತೆ ಗುಡಿಸುತ್ತ, ನನಗೆ ಬೆನ್ನು ಮಾಡಿಯೇ ಹೇಳಿದರು.

“ನನ್ ಮಗನೇ ಅವ್ರಜ್ಜನ್ನ ಮಣ್ಮಾಡ್ಬುಟ್ಟ ಕಣ ಕೂಸೆ. ಎಣಾನೂ ಇಲ್ದೆ.”

ಗುಡಿಸಿದ್ದು ಮುಗಿದ ಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಯಾರ ಮೇಲೂ ಕೂಗಾಡಲಿಲ್ಲ. ಕೂಗಾಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಮೆಟ್ಟಿಲ ಕೆಳಗೆ ಗೊಬ್ಬರದಂಗಡಿಯವನು, ಏನಜ್ಜಿ ಇಷ್ಟು ಬೇಗ ಹೊರಟುಬಿಟ್ಟಿರಿ ಎಂದು ಕೇಳಿದ್ದು ಮೇಲಕ್ಕೆ ಕೇಳಿಸಿತು. ಅವರು ಕೊಟ್ಟ ಉತ್ತರ ಕೇಳಿಸಲಿಲ್ಲ...

ಮತ್ತೆ ಅವರು ಸಂಘಕ್ಕೆ ಬರಲಿಲ್ಲ. ನಾನು ಆಗಾಗ ಅವರ ಊರಿಗೆ ಹೋಗುತ್ತಿದ್ದೆ. ಎಲೆ ಅಡಿಕೆ ಕೊಡುತ್ತಿದ್ದರು, ನನ್ನ ಮದುವೆ ಯಾವಾಗ ಎಂದು ಕಾಡುತ್ತಿದ್ದರು. ಕಲ್ಲಿನ ವಿಷಯ ಒಮ್ಮೆಯೂ ಕೇಳಲಿಲ್ಲ. ನಾನಾಗಿಯೇ ಹೇಳಲು ಹೋದರೆ ಮಾತು ತಿರುಗಿಸುತ್ತಿದ್ದರು. ಎರಡು ಹಬ್ಬಗಳಲ್ಲಿ ಅವರು ಹಾಗೆಯೇ ಬೆನ್ನು ಹಾಕಿ ಜಗಲಿಯ ಮೇಲೆ ಕುಳಿತರು. ಮೂರನೆಯದಕ್ಕೆ ಅವರಿರಲಿಲ್ಲ. ಕಳೆದ ಚಳಿಗಾಲದಲ್ಲಿ, ಎರಡು ದಿನದ ಜ್ವರದಲ್ಲಿ ಹೋದರು. ನನಗೆ ತಿಳಿದದ್ದು ಸಂಘದ ವಾಟ್ಸಾಪ್ ಗುಂಪಿನಿಂದ. ಉರಿಯುವ ದೀಪದ ಚಿತ್ರ, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ತಿವಿದು ನಕ್ಕವರೂ ಕೈಮುಗಿದಿದ್ದರು.

ಸಂತಾಪ ಸಭೆಯಲ್ಲಿ ಅಧ್ಯಕ್ಷರು ಚೆನ್ನಾಗಿ ಮಾತನಾಡಿದರು. ಹುತಾತ್ಮರ ಪುತ್ರಿ ಎಂದರು, ಮತ್ತೆ. ನಾನು ಎದ್ದು ನಿಂತು, ಜನವರಿಯ ಆ ಸಭೆಯ ತೀರ್ಮಾನ ಇನ್ನೂ ಜಾರಿಯಾಗಿಲ್ಲ, ಕಲ್ಲು ಏನಾಯಿತು ಎಂದು ಕೇಳಿದೆ.  ಅವರು ನನ್ನ ಕಡೆ ಮರುಕದಿಂದ ನೋಡಿದರು.

“ಪಾಪ, ಅವರೇ ಹೋದರು. ಇನ್ನು ಕೇಳೋರು ಯಾರಮ್ಮ?”

“ನಾನು ಕೇಳ್ತಿದ್ದೀನಲ್ಲ ಸಾರ್.”

“ನೀವು ಅವರ ಮನೆಯವರಲ್ಲವಲ್ಲ. ಅವರ ಮಗ ಬಂದು ಹೇಳಲಿ. ಆ ಕ್ಷಣ ತಿದ್ದಿಸೋಣ.”

ಎಲ್ಲರೂ ತಲೆಯಾಡಿಸಿದರು. ಎಷ್ಟು ನ್ಯಾಯವಾದ ಮಾತು!

ಹಾಗಾಗಿ ಈ ವರ್ಷದ ಹಿರಿಯರ ಹಬ್ಬದ ದಿನ ರಜೆ ಹಾಕಿ ಅಜ್ಜಿಯ ಊರಿಗೆ ಹೋದೆ. ಹಬ್ಬದ ದಿನವೇ ಹೋದದ್ದಕ್ಕೆ ಕಾರಣವಿತ್ತು. ಅಮ್ಮನ ಎಲೆಯ ಮುಂದೆ ಕೂತಾಗಲಾದರೂ ಮಗನಿಗೆ ಅಮ್ಮನ ಮಾತು ನೆನಪಾದೀತು ಎಂದುಕೊಂಡಿದ್ದೆ. ಅವರು ಬಹಳ ಆದರದಿಂದ ಕರೆದು ಕೂರಿಸಿದರು. ನಡುಮನೆಯಲ್ಲಿ ಮೂರು ಎಲೆಗಳಿದ್ದವು. ಒಂದು ಅವರ ಅಪ್ಪನದು. ಒಂದು ಅಜ್ಜಿಯದು, ಅದರ ಮೇಲೆ ಎಲೆ ಅಡಿಕೆಯ ದೊಡ್ಡ ಪಟ್ಟಿ. ಮೂರನೆಯದರ ಹಿಂದೆ ಅದೇ ಫೋಟೊ ಇತ್ತು. ಮೈಸೂರಿನಲ್ಲಿ ತೆಗೆಸಿಕೊಂಡದ್ದು. ಈಗ ಅದಕ್ಕೆ ಹಾರವಿತ್ತು.

ನಾನು ಬಂದ ಕಾರಣ ಹೇಳಿದೆ. ಮಗ ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದರು.

“ಬುಡಿ ಮೇಡಂ. ಅವ್ವ ಇರೋಗಂಟ ಅವ್ರ ಸಂಕಟ ಅವ್ರಿಗಿತ್ತು. ಈಗ ಮಕ್ಕಳು ಮುತ್ತಾತ ಅಂತ ಎಡೆ ಇಕ್ಕೋದ ಕಲ್ತವ್ರೆ. ಇಸ್ಕೂಲ್ನಲ್ಲಿ ನಮ್ ಮುತ್ತಾತ ಯುದ್ಧದಲ್ಲಿ ಸತ್ತೋದ್ರು ಅಂತ ಭಾಷಣ ಮಾಡಿ ಬವುಮಾನ ತಕಂಡದೆ ಮಗ. ಇನ್ನೊಂದ್ಸತಿ ಇಲ್ಲ, ಅವ್ರು ಸತ್ತಿಲ್ಲ ಅಂತ ಎಂಗ್ ಯೋಳದು?”

 ಅವರ ಮೇಲೆ ಕೋಪಿಸಿಕೊಳ್ಳಲು ಆಗಲಿಲ್ಲ. ಅದು ಇನ್ನಷ್ಟು ಕೋಪ ತರಿಸಿತು. ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕುಳಿತೆವು.  ಆಮೇಲೆ ಬಾಗಿಲು ತೆರೆದು, ಎಡೆಯದನ್ನು ಹಂಚಲು ಸೊಸೆ ತಟ್ಟೆ ಹಿಡಿದು ಬಂದರು. ಅಜ್ಜಿಯ ಎಲೆಯಿಂದ ಬಡಿಸಿದ್ದನ್ನು ಎರಡೂ ಕೈಯೊಡ್ಡಿ ಇಸಿದುಕೊಂಡು ತಿಂದೆ.  ಮೂರನೆಯ ಎಲೆಯದನ್ನು ತಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ.

“ಯಾಕ್ರವ್ವ, ಎಡೆದ ಬ್ಯಾಡ ಅನ್ಬಾರ್ದು” ಎಂದರು ಸೊಸೆ, ಗಾಬರಿಯಿಂದ.

“ಅವ್ರು ಇನ್ನೂ ಬಂದಿಲ್ವಲ್ಲ ಅಕ್ಕ” ಎಂದೆ.

ಸೊಸೆಯ ಮುಖ ಸಣ್ಣದಾಯಿತು. ಮಕ್ಕಳು ಅಪ್ಪನ ಕಡೆ ನೋಡಿದರು. ಅಪ್ಪ ಗೋಡೆಯ ಕಡೆ ನೋಡಿದರು. ಆ ಮಾತನ್ನು ಅಜ್ಜಿ ಆಡಿದ್ದರೆ ಒಬ್ಬ ಮನುಷ್ಯನಿಗಾಗಿ ಬಾಗಿಲು ತೆರೆದಿಟ್ಟಂತೆ ಇರುತ್ತಿತ್ತು. ನನ್ನ ಬಾಯಲ್ಲಿ ಅದು ಹಬ್ಬದ ಮನೆಯಲ್ಲಿ ಹೊರಗಿನವಳೊಬ್ಬಳು ತೋರಿದ ಒರಟುತನ, ಅಷ್ಟೇ. ಅದನ್ನು ಆಡಬೇಕಾದವರು ಇಲ್ಲ. ಕೈ ತೊಳೆದುಕೊಂಡು, ಬರುತ್ತೇನೆ ಎಂದು ಹೇಳಿ, ಬಸ್ಸಿನ ಕಡೆ ನಡೆದೆ. ಹಿಂದೆ ಯಾರೋ ಕದವನ್ನು ಮೆಲ್ಲಗೆ ಮುಂದೆ ಮಾಡಿದ ಸದ್ದು ಕೇಳಿಸಿತು.